ಸುಳ್ಳು ಅಂತ ಗೊತ್ತಿದ್ದೂ ಖರೆ ಅಂತ ಯಾಕ ಬರೀಬೇಕ್ರಿ?

ಧಾರವಾಡ, 12 ಮಾರ್ಚ್ 2025, ಬುಧವಾರ

ಎಸ್ಸೆಸ್ಸೆಲ್ಸಿ ಗಣಿತ ಪೇಪರ್ 24ಕ್ಕೆ. 21ಕ್ಕೆ ಪರೀಕ್ಷೆ ಶುರು. ನಡುವೆ ಒಂದು ಶನಿವಾರ, ಒಂದು ಭಾನುವಾರ, ಅಷ್ಟೇ.

ಈಗ ನನ್ನ ಚೀಲದಲ್ಲಿ ಬೇರೆ ಏನು ಇರಲಿ ಬಿಡಲಿ, ಸಿ ಗುಂಪಿನ ಪಟ್ಟಿ ಇದ್ದೇ ಇರುತ್ತದೆ. ಪ್ರಿಪರೇಟರಿಯಲ್ಲಿ ದಡ ಮುಟ್ಟದ ಮಕ್ಕಳ ಪಟ್ಟಿ. ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಎಬ್ಬಿಸುವುದು ಇವರನ್ನೇ. ಸಂಜೆ ಶಾಲೆ ಬಿಟ್ಟ ಮೇಲೆ ಉಳಿಸಿಕೊಳ್ಳುವುದೂ ಇವರನ್ನೇ. ಇವರ ಕೈಗೆ ಪಾಸಿಂಗ್ ಪ್ಯಾಕೇಜ್ ಕೊಟ್ಟಿದ್ದೇವೆ. ಮೇಷ್ಟರಲ್ಲದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಲಿಖಿತ ಪರೀಕ್ಷೆ 80 ಅಂಕಕ್ಕೆ, ಒಟ್ಟು 38 ಪ್ರಶ್ನೆ. ಅದರಲ್ಲಿ ಪ್ರತಿ ವರ್ಷ ಬಂದೇ ಬರುವಂಥವನ್ನು ಆರಿಸಿ ಅವನ್ನೇ ತಿದ್ದಿಸುವುದು. ಒಂದು ಪ್ರಮೇಯ. ನಕ್ಷೆಯಿಂದ ಬಿಡಿಸುವ ಸಮೀಕರಣ ಜೋಡಿ, ಅದಕ್ಕೆ 4 ಅಂಕ. ಮಧ್ಯಾಂಕ ಇಲ್ಲವೇ ಬಹುಲಕ. ಸಮಾಂತರ ಶ್ರೇಢಿಯ ಎನ್‌ನೇ ಪದ. ವರ್ಗ ಸಮೀಕರಣದ ಶೋಧಕದ ಬೆಲೆ ಕಂಡುಹಿಡಿದು ಮೂಲಗಳ ಸ್ವಭಾವ ಹೇಳುವುದು. ದೂರದ ಸೂತ್ರ. ಮತ್ತೆ √5 ಒಂದು ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ, ಅಂದರೆ ಅದನ್ನು ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲು ಬರುವುದಿಲ್ಲ ಅಂತ ತೋರಿಸುವುದು. ಕೊನೆಯ 5 ಅಂಕದ ಪ್ರಶ್ನೆಯ ತಂಟೆಗೆ ಹೋಗಬೇಡಿ ಅಂತ ನಾವೇ ಹೇಳಿರುತ್ತೇವೆ.

ಪ್ಯಾಕೇಜ್ ಬಗ್ಗೆ ನನಗೆ ಸಿಟ್ಟಿಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡಬೇಕು, ಯಾಕೆಂದರೆ ಹೊರಗಿನವರು ಸುಮ್ನೆ ಬೈಯುತ್ತಾರೆ. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಹತ್ತನೇ ತರಗತಿ ಫೇಲಾದ ಹುಡುಗಿಯ ಮುಂದಿನ ದಾರಿ ಹೇಗಿರುತ್ತದೆ ಅಂತ ನಾನು ನೋಡಿದ್ದೇನೆ. ಹುಡುಗ ಗ್ಯಾರೇಜಿಗೋ ಅಂಗಡಿಗೋ ಹೋಗುತ್ತಾನೆ. ಹುಡುಗಿಗೆ ಗಂಡು ನೋಡಲು ಶುರು ಮಾಡುತ್ತಾರೆ. 35 ಅನ್ನುವುದು ಅವಳಿಗೆ ಬರೀ ಅಂಕ ಅಲ್ಲ, ಇನ್ನೆರಡು ವರ್ಷದ ಓದು. ಕಳೆದ ವರ್ಷದಿಂದ ಮೂರು ಪರೀಕ್ಷೆ ಬರೆಯುವ ಅವಕಾಶ ಬಂದಿದೆ, ನಿಜ. ಮಕ್ಕಳೂ ‘ಬಿಡ್ರಿ ಟೀಚರ್, ಎರಡನೇದರಾಗ ನೋಡೋಣ’ ಅನ್ನುತ್ತಾರೆ. ಆದರೆ ಮೊದಲನೆಯದರಲ್ಲಿ ಬಿದ್ದ ಹುಡುಗಿಯನ್ನು ಎರಡನೆಯದಕ್ಕೆ ಕೂರಿಸಲು ಅವರ ಮನೆಯ ಕಟ್ಟೆ ಎಷ್ಟು ಸಲ ಹತ್ತಬೇಕು ಅಂತ ನನಗೆ ಗೊತ್ತು. 2024ರಲ್ಲಿ ವೆಬ್‌ಕಾಸ್ಟಿಂಗ್, ಅಂದರೆ ಪರೀಕ್ಷಾ ಕೋಣೆಯ ಮೇಲೆ ಕ್ಯಾಮೆರಾ ನಿಗಾ ಬಂತು, ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಈ ಸಲ ಆ ಕೃಪಾಂಕವೂ ಇಲ್ಲ. ಹಾಗಾಗಿ ಪ್ಯಾಕೇಜ್ ಬೇಕು. ನಾನೂ ಮನಸ್ಸಿಟ್ಟು ಮಾಡಿಸುತ್ತೇನೆ.

ಇವತ್ತು ಸಂಜೆ √5 ತಿದ್ದಿಸುವ ಸರದಿ. ಬೋರ್ಡಿನ ಮೇಲೆ ಬರೆದೆ, ಮಕ್ಕಳು ಬರೆದುಕೊಂಡರು. ಹೊರಗೆ ಹಲಗಿ ಸದ್ದು, ಬೆಂಕಿಗೆ ಕಾಸಿ ಬಾರಿಸುವ ಚರ್ಮದ ವಾದ್ಯ. ಹೋಳಿ ಹುಣ್ಣಿಮೆ ಬಂತಲ್ವಾ, ಕಾಮಣ್ಣನ ಹುಡುಗರು ಸಂಜೆಯಾದರೆ ಸಾಕು, ಕಿಟಕಿಯ ಕೆಳಗೇ ಶುರು. ನಮ್ಮ ಹುಬ್ಬಳ್ಳಿಯಲ್ಲಿ ಬಣ್ಣ ರಂಗಪಂಚಮಿಗೆ. ಅಲ್ಲಿಯವರೆಗೆ ಈ ಸದ್ದಿನ ನಡುವೆಯೇ ಗಣಿತ. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಹಲಗಿ. ರೋಜಾ ಹಿಡಿದ ಇಬ್ಬರು ಹುಡುಗಿಯರು ಮುಂದಿನ ಬೆಂಚಿನಲ್ಲಿ ತಲೆ ಇಟ್ಟುಕೊಂಡು ಕೂತಿದ್ದರು. ಅವರಿಗೆ ನೀವು ಬೇಗ ಹೋಗಿ ಅಂದೆ, ಹೋಗಲಿಲ್ಲ.

ಆಗ ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. ಖಡಕ್ ರೊಟ್ಟಿ ಮಾಡುವ ಮನೆಯವಳು. ಬೆಳಿಗ್ಗೆ ಅವ್ವನ ಜತೆ ರೊಟ್ಟಿ ಬಡಿದು ಮೊದಲನೇ ಪೀರಿಯಡ್ ಮುಗಿಯುವ ಹೊತ್ತಿಗೆ ಬರುತ್ತಾಳೆ. ನನ್ನ ಪೀರಿಯಡ್ಡೇ ಮೊದಲನೆಯದು. ಸಿ ಗುಂಪಿಗೆ ಬಂದದ್ದು ಹಾಗೆ. ವರ್ಷಪೂರ್ತಿ ಒಂದೂ ಪ್ರಶ್ನೆ ಕೇಳಿದವಳಲ್ಲ.

“ಟೀಚರ್, ಒಂದು ಕೇಳ್ಲೇನ್ರಿ?”

“ಕೇಳವಾ.”

“√5 ಭಾಗಲಬ್ಧ ಅಲ್ಲ ಅಂತ ನಮಗ ಮೊದಲ ಗೊತ್ತೈತಲ್ರಿ. ಮತ್ತ ಮೊದಲನೇ ಸಾಲಿನ್ಯಾಗ ‘√5 ಭಾಗಲಬ್ಧ ಸಂಖ್ಯೆ ಎಂದು ಊಹಿಸೋಣ’ ಅಂತ ಬರಿಸೀರಿ. ಸುಳ್ಳು ಅಂತ ಗೊತ್ತಿದ್ದೂ ಖರೆ ಅಂತ ಯಾಕ ಬರೀಬೇಕ್ರಿ?”

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಈ ಸಾಧನೆ ಬರೆಸಿದ್ದೇನೆ. ಎ ಗುಂಪಿನ ಜಾಣರೂ ಇದನ್ನು ಕೇಳಿಲ್ಲ. ಅವರು ಬಾಯಿಪಾಠ ಮಾಡಿ 3 ಅಂಕ ತೆಗೆದುಕೊಂಡು ಹೋಗುತ್ತಾರೆ. ಇವಳಿಗೆ ಮಾತ್ರ ಆ ಮೊದಲ ಸಾಲು ಗಂಟಲಲ್ಲಿ ಸಿಕ್ಕಿಕೊಂಡಿದೆ.

“ನಿನ್ನ ತಮ್ಮ ಸಾಲಿಗೆ ಹೋಗಿದ್ದೆ ಅಂತ ಸುಳ್ಳು ಹೇಳಿದ ಅಂತಿಟ್ಟುಕೋ. ನಿಮ್ಮವ್ವ ಹೆಂಗ ಹಿಡೀತಾಳ?” ಅಂದೆ.

ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. “ನಿನ್ನೇನ ಹಿಡದಾಳ್ರಿ. ಆತಪಾ, ನೀ ಸಾಲಿಗೇ ಹೋಗಿದ್ದಿ. ಹಂಗಾರ ಅಂಗಿ ಯಾಕ ಹೊಗಿ ವಾಸನಿ ಹೊಡ್ಯಾಕತ್ತೈತಿ? ಸಾಲ್ಯಾಗ ಯಾರು ಹಲಗಿ ಕಾಸ್ತಿದ್ರು? ಅಂದ್ಲು.”

ಈ ಸಲ ಇಡೀ ತರಗತಿಗೆ ಅರ್ಥವಾಯಿತು. ಅವ್ವ ಮಗನ ಮಾತನ್ನು ಮೊದಲು ಒಪ್ಪಿಕೊಂಡಳು. ಒಪ್ಪಿಕೊಂಡು ಮುಂದೆ ಮುಂದೆ ನಡೆಸಿದಳು. ಹೊಗೆ ವಾಸನೆ ಅಡ್ಡ ಬಂತು, ಮಾತು ಮುರಿದು ಬಿತ್ತು. ನಮ್ಮ ಸಾಧನೆಯಲ್ಲೂ ಅಷ್ಟೇ. √5 ಅಂದರೆ ಪಿ ಬೈ ಕ್ಯೂ ಅಂತ ಒಪ್ಪಿಕೊಂಡೆವು. ಪಿ, ಕ್ಯೂ ಎರಡಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ, ಅಂದರೆ ಅವು ಸಹ ಅವಿಭಾಜ್ಯ ಅಂತಲೂ ಬರೆದೆವು. ವರ್ಗ ಮಾಡಿದರೆ ಪಿ ವರ್ಗ ಅಂದರೆ 5 ಕ್ಯೂ ವರ್ಗ. ಹಾಗಾಗಿ 5 ಪಿಯನ್ನು ಭಾಗಿಸುತ್ತದೆ. ಪಿ ಜಾಗದಲ್ಲಿ 5ಸಿ ಹಾಕಿ ಮುಂದೆ ಹೋದರೆ 5 ಕ್ಯೂವನ್ನೂ ಭಾಗಿಸುತ್ತದೆ. ಎರಡಕ್ಕೂ 5 ಸಾಮಾನ್ಯ ಅಂತಾಯಿತು. ಇಲ್ಲ ಅಂತ ಮೊದಲು ಬರೆದಿದ್ದೆವಲ್ಲ? ಅದೇ ಹೊಗೆ ವಾಸನೆ.

ಅದಕ್ಕೇ ಆ ‘ಸಹ ಅವಿಭಾಜ್ಯ’ ಸಾಲು ಬಿಡಬೇಡಿ ಅಂತ ಬಡಕೊಳ್ಳುವುದು. ಮಕ್ಕಳು ಬಿಡುವುದು ಅದನ್ನೇ. ಅದು ಬಿಟ್ಟರೆ ಕೊನೆಯಲ್ಲಿ ವಿರೋಧ ಬರುವುದು ಯಾವುದಕ್ಕೆ?

ನಾನು ಗ್ರಾಫ್ ಪೇಪರ್ ಹಂಚಲು ಹೊರಟಿದ್ದೆ. ಅವಳು ಇನ್ನೂ ಕೂತಿರಲಿಲ್ಲ.

“ಟೀಚರ್, 5 ಇದ್ದಲ್ಲಿ 4 ಹಾಕಿದ್ರೂ ಎಲ್ಲಾ ಸಾಲು ಹಂಗ ಬರ್ತಾವ್ರಿ. ಆದ್ರ √4 ಅಂದ್ರ 2 ಅಲ್ರಿ? ಹಂಗಾರ ಈ ಲೆಕ್ಕ ಖರೆ ಹೆಂಗ್ರಿ?”

ಮೈ ಜುಮ್ಮೆಂದಿತು. ಉತ್ಪ್ರೇಕ್ಷೆ ಅಲ್ಲ. ನೋಟಿನ ಹಿಂದಿನ ಪುಟದಲ್ಲಿ ಅವಳು ಆಗಲೇ ಬರೆದಿದ್ದಳು, ಪೆನ್ಸಿಲಿನಲ್ಲಿ, ಪ್ರತಿ ಸಾಲಿನಲ್ಲೂ 5 ತೆಗೆದು 4. ಕೊನೆಗೆ ‘√4 ಅಭಾಗಲಬ್ಧ ಸಂಖ್ಯೆ’ ಅಂತ ಬಂದಿತ್ತು. ಅದರ ಮುಂದೆ ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ಒಂದು ಸಾಧನೆ ಸರಿಯೋ ತಪ್ಪೋ ನೋಡಲು ಅದನ್ನು ಸುಳ್ಳಾಗುವ ಜಾಗಕ್ಕೆ ಒಯ್ದು ನೋಡಬೇಕು ಅಂತ ಇವಳಿಗೆ ಯಾರು ಹೇಳಿಕೊಟ್ಟರು? ನಾನಂತೂ ಅಲ್ಲ.

ಉತ್ತರ ಹೇಳಿಬಿಡಬಹುದಿತ್ತು. ಹೇಳಲಿಲ್ಲ. “4 ಪಿ ವರ್ಗವನ್ನು ಭಾಗಿಸಿದ್ರ ಪಿಯನ್ನೂ ಭಾಗಿಸ್ತೈತಿ ಅಂತ ಬರದೀ ನೋಡು. 6 ತಗೊಂಡು ಪರೀಕ್ಷೆ ಮಾಡು” ಅಂದೆ.

“6ರ ವರ್ಗ 36. 4ರಿಂದ ಹೋಗ್ತೈತ್ರಿ.” ತಡೆದಳು. “6 ಹೋಗಂಗಿಲ್ರಿ.” ಮತ್ತೆ ತಡೆದಳು. “5ಕ್ಕ ಹಿಂಗ ಆಗಂಗಿಲ್ಲೇನ್ರಿ?”

ಅದಕ್ಕೂ ಉತ್ತರ ಪುಸ್ತಕದಲ್ಲಿದೆ. ಅವಿಭಾಜ್ಯ ಸಂಖ್ಯೆಯೊಂದು ವರ್ಗವನ್ನು ಭಾಗಿಸಿದರೆ ಮೂಲ ಸಂಖ್ಯೆಯನ್ನೂ ಭಾಗಿಸುತ್ತದೆ ಅನ್ನುವ ಪ್ರಮೇಯ. 5 ಅವಿಭಾಜ್ಯ, 4 ಅಲ್ಲ. ಪ್ಯಾಕೇಜಿನಲ್ಲಿ ನಾವು ಅದನ್ನು ಹಾರಿಸುತ್ತೇವೆ, ಅದರ ಸಾಧನೆ ಪರೀಕ್ಷೆಗೆ ಬರುವುದಿಲ್ಲ ಅಂತ. “ನೀನೇ ಹುಡುಕು. 5ರ ಮಗ್ಗಿಯಲ್ಲಿ ಇಲ್ಲದ ಸಂಖ್ಯೆ ತಗೊ. ವರ್ಗ 5ರಿಂದ ಹೋಗ್ತದೇನು ನೋಡು” ಅಂದೆ.

6, 7, 8, 9 ಮಾಡಿದಳು. 36, 49, 64, 81. ಪಕ್ಕದವಳು 11, 12, 14 ಮಾಡಿದಳು. ಹಿಂದಿನ ಬೆಂಚಿನ ಹುಡುಗನೊಬ್ಬ, ಕಿಟಕಿಯಾಚೆಗೇ ಕಿವಿ ಇಟ್ಟಿದ್ದವನು, 23ರ ವರ್ಗ 529 ಅಂತ ಕೂಗಿದ. ನಾನು ಗ್ರಾಫ್ ಪೇಪರ್ ಹಿಡಿದುಕೊಂಡು ನಿಂತೇ ಇದ್ದೆ. ಸ್ವಲ್ಪ ಹೊತ್ತಿಗೆ ಅವಳೇ ಹೇಳಿದಳು, ಮೆಲ್ಲಗೆ, ತಪ್ಪಿದರೆ ಅನ್ನೋ ಅಂಜಿಕೆಯಿಂದ:

“ವರ್ಗದ ಕಡೀ ಅಂಕಿ ಆ ಸಂಖ್ಯೆಯ ಕಡೀ ಅಂಕಿ ಮ್ಯಾಲಷ್ಟ ನಿಂತೈತ್ರಿ. 1, 4, 9, 6 ಇಷ್ಟ ಬರ್ತಾವ್ರಿ. ಎಷ್ಟು ದೊಡ್ಡದು ತಗೊಂಡ್ರೂ ಅಷ್ಟ. 0, 5 ಬರಂಗೇ ಇಲ್ರಿ. ಅಂದಮ್ಯಾಲ 5ರಿಂದ ಹೋಗಾಕ ಸಾಧ್ಯನ ಇಲ್ರಿ.”

ಇದು ಸಾಧನೆ. ಪೂರ್ತಿ ಸಾಧನೆ. 5ಕ್ಕೆ ಮಾತ್ರ ಆದರೂ ಎಲ್ಲಿಯೂ ತೂತಿಲ್ಲ. ಪುಸ್ತಕದ ದಾರಿಯಲ್ಲ, ಅವಳದೇ ದಾರಿ. ಅವಳಿಗೆ ಹಾಗೆಯೇ ಹೇಳಿದೆ. ಅವಳು ನಂಬಲಿಲ್ಲ ಅನಿಸುತ್ತದೆ. “ಹಿಂಗ ಬರದ್ರ ಮಾರ್ಕ್ಸ್ ಕೊಡ್ತಾರೇನ್ರಿ?” ಅಂತ ಕೇಳಿದಳು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಾಗ ಚಿಗರಿ ಬಸ್ಸು ತುಂಬಿ ತುಳುಕುತ್ತಿತ್ತು. ಉಣಕಲ್ ದಾಟುವವರೆಗೂ ನಿಂತೇ ಬಂದೆ. ಮನೆಗೆ ಬಂದರೆ ನಲ್ಲಿ ನೀರು ಬಂದು ಹೋಗಿತ್ತು, ಅರ್ಧ ಟಾಕಿ ಮಾತ್ರ ತುಂಬಿದೆ. ಇನ್ನು ವಾರ ಕಾಯಬೇಕು. ಅತ್ತೆ ಸಿಟ್ಟಾಗಿದ್ದಾರೆ. ಅವರ ಸಿಟ್ಟಿನಲ್ಲೂ ನ್ಯಾಯ ಇದೆ, ಬೇಸಿಗೆ ಈಗಷ್ಟೇ ಶುರು. ಅಡುಗೆಗೆ ಅನ್ನ, ತಿಳಿಸಾರು ಅಷ್ಟೇ ಮಾಡಿದೆ.

ಊಟ ಆದ ಮೇಲೆ ಪಕ್ಕದ ಶಾಲೆಯ ಗೆಳತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳೂ ಗಣಿತದವಳೇ. ಪೂರ್ತಿ ಕೇಳಿದಳು, ಖುಷಿಯೂ ಪಟ್ಟಳು. ಆಮೇಲೆ ಅಂದಳು: “ಆ ಹೊತ್ತಿನ್ಯಾಗ ಒಂದು ಗ್ರಾಫ್ ಆಗ್ತಿತ್ತಲ್ಲ. 4 ಅಂಕ. ನಿನ್ನ ಹುಡುಗಿಗೆ ಗ್ರಾಫ್ ಬರ್ತೈತೇನು?”

ಬರುವುದಿಲ್ಲ. ಅಳತೆ ಬರೆಯುವುದನ್ನು ಮರೆಯುತ್ತಾಳೆ. ಋಣ ಬೆಲೆ ಬಂದರೆ ಎಡಕ್ಕೆ ಹೋಗಬೇಕೋ ಕೆಳಕ್ಕೋ ಅಂತ ತಡವರಿಸುತ್ತಾಳೆ. ಅವಳಷ್ಟೇ ಅಲ್ಲ, ಆ ಕೋಣೆಯಲ್ಲಿದ್ದ ಅರ್ಧಕ್ಕರ್ಧ ಮಕ್ಕಳಿಗೂ ಅದೇ ಕಷ್ಟ. ಗೆಳತಿಯ ಮಾತು ಸರಿ. ಆದರೆ ಅದೊಂದೇ ಸರಿ ಅಂತ ಒಪ್ಪಲು ಮನಸ್ಸು ಬರುತ್ತಿಲ್ಲ. ಪ್ಯಾಕೇಜ್ ಮಕ್ಕಳನ್ನು ದಾಟಿಸುತ್ತದೆ. ಜತೆಗೆ ಇನ್ನೊಂದನ್ನೂ ಕಲಿಸುತ್ತದೆ: ಈ ಸಾಲು ಯಾಕೆ ಅಂತ ಕೇಳಬೇಡ, ಬರಿ, ಅಂಕ ಬರುತ್ತದೆ. ಅದು ನನಗೆ ನೋವು. ಹಿಂದುಳಿದವರು ಅಂತ ಬೇರೆ ಕೂರಿಸಿದ ಮಕ್ಕಳಿಗೇ ಬರೀ ಬಾಯಿಪಾಠ, ಮುಂದಿರುವವರಿಗೆ ಯೋಚನೆ ಅಂತ ಹಂಚಿಬಿಟ್ಟರೆ, ಇವಳ ತಲೆಯಲ್ಲಿ ಏಳುವ ಪ್ರಶ್ನೆಗೆ ಜಾಗ ಎಲ್ಲಿ? ಹೋದ ವಾರ ಶೋಧಕ ಹೇಳಿಕೊಡುವಾಗ, ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ 9ನೇ ಶತಮಾನದಲ್ಲೇ ಗಣಿತಜ್ಞ ಮಹಾವೀರಾಚಾರ್ಯ ಬರೆದಿದ್ದ, ಅಮೋಘವರ್ಷನ ಕಾಲದವನು ಅಂದೆ. ಆಗಲೂ ಕಣ್ಣೆತ್ತಿ ನೋಡಿದವಳು ಇವಳೇ. ಈಗ ನೆನಪಾಗುತ್ತಿದೆ.

ಅವಳು ಪಾಸಾಗಬೇಕು. ಅದರಲ್ಲಿ ಎರಡು ಮಾತಿಲ್ಲ.

ನಾಳೆ ಬಂದ ಕೂಡಲೇ ಗ್ರಾಫ್. ಎಕ್ಸ್ ಪ್ಲಸ್ ವೈ ಅಂದರೆ 5, 2ಎಕ್ಸ್ ಮೈನಸ್ ವೈ ಅಂದರೆ 4, ಇದನ್ನೇ ಕೊಡುತ್ತೇನೆ. ಎಕ್ಸ್ 3, ವೈ 2, ನೀಟಾಗಿ ಸೇರುತ್ತವೆ. ಎಕ್ಸ್‌ಗೆ 0 ಹಾಕಿದರೆ ಎರಡನೆಯದರಲ್ಲಿ ವೈ ಮೈನಸ್ 4 ಬರುತ್ತದೆ, ಆ ಕೆಳಗಿನ ಬಿಂದು ಗುರುತಿಸುವುದು ಅವಳಿಗೆ ರೂಢಿಯಾಗಲಿ. ಮೊದಲ ಸಾಲಲ್ಲಿ ಅಳತೆ, ಆಮೇಲೆ ಕೋಷ್ಟಕ, ಆಮೇಲೆ ಗೆರೆ. ಅವ್ವನಿಗೂ ಒಂದು ಮಾತು ಹೇಳಬೇಕು, ಪರೀಕ್ಷೆ ಮುಗಿಯುವವರೆಗಾದರೂ ಬೆಳಿಗ್ಗೆಯ ರೊಟ್ಟಿಯಿಂದ ಬಿಡಿಸಿ ಅಂತ. ಬಿಡಿಸುತ್ತಾರೋ ಇಲ್ಲವೋ. ಹಬ್ಬದ ಆರ್ಡರ್ ಜಾಸ್ತಿ ಇರುವ ವಾರ ಇದು.

ಮತ್ತೆ, ಅವಳು ನಾಳೆ √6 ಹಿಡಿದುಕೊಂಡು ಬಂದರೆ? ಬಂದೇ ಬರುತ್ತಾಳೆ. 6 ಅವಿಭಾಜ್ಯ ಅಲ್ಲ, 4ರ ಹಾಗೇ. ಆದರೂ √6 ಅಭಾಗಲಬ್ಧ. 4ಕ್ಕೆ ಮುರಿದದ್ದು 6ಕ್ಕೆ ಯಾಕೆ ಮುರಿಯುವುದಿಲ್ಲ? 2ನ್ನು ಬೇರೆ, 3ನ್ನು ಬೇರೆ ಹಿಡಿದು ಹೋದರೆ ಆಗುತ್ತದೆ. ಆದರೆ ಅವಳ ಕಡೇ ಅಂಕಿಯ ದಾರಿಯಲ್ಲಿ 2 ಸಿಗುತ್ತದೆ, 3 ಸಿಗುವುದಿಲ್ಲ. 3ಕ್ಕೆ ಶೇಷ ನೋಡಬೇಕಾಗುತ್ತದೆ. ಶೇಷ 1 ಇಲ್ಲವೇ 2, ವರ್ಗ ಮಾಡಿದರೆ ಎರಡೂ ಕಡೆ 1 ಉಳಿಯುತ್ತದೆ, ಅಂದರೆ 3ರ ಮಗ್ಗಿಯಲ್ಲಿ ಇಲ್ಲದ ಸಂಖ್ಯೆಯ ವರ್ಗ 3ರಿಂದ ಹೋಗುವುದಿಲ್ಲ.