ಅಪ್ಪ ಕೇಳಿಸಿಕೊಂಡ ರೇಸು

ಬೀದರಿನಲ್ಲಿ ನಮ್ಮಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟರಿಗೆ ಹೊಸದಾಗಿ ತಾಮ್ರದ ತಂತಿಯ ಸುರುಳಿ ಸುತ್ತುವ ಕೆಲಸ. ಸುತ್ತಲಿನ ಹಳ್ಳಿಗಳಲ್ಲಿ ಬೋರ್‌ವೆಲ್ ಮೋಟರು ಸುಟ್ಟರೆ ಟಂಟಂನಲ್ಲೋ ಬೈಕಿನ ಹಿಂದೆಯೋ ಹಾಕಿಕೊಂಡು ಅಲ್ಲಿಗೇ ತರುತ್ತಾರೆ. ಕಬ್ಬಿಗೆ ನೀರು ಬೇಕಾಗುವ ಫೆಬ್ರವರಿ ಬಂತೆಂದರೆ ಅಂಗಡಿ ಮುಚ್ಚುವ ಮಾತೇ ಇಲ್ಲ. ಅಂಥ ಅಪ್ಪ 2023ರ ಫೆಬ್ರವರಿ 11ರ ಶನಿವಾರ ಅಂಗಡಿಗೆ ಬೀಗ ಹಾಕಿ ಹೈದರಾಬಾದಿನ ಬಸ್ಸು ಹತ್ತಿದರು. ಕರೆಂಟಿನ ಕಾರುಗಳ ರೇಸು ನೋಡುವುದಕ್ಕೆ.

ನಾನಾಗ ಹೈದರಾಬಾದಿನಲ್ಲಿ ಕೆಲಸಕ್ಕಿದ್ದೆ. ಮಿಯಾಪುರದಲ್ಲಿ ರೂಮು. ಒಂದು ತಿಂಗಳ ಮೊದಲು ಫೋನಿನಲ್ಲಿ ಸುಮ್ನೆ ಹೇಳಿದ್ದೆ. "ಅಪ್ಪಾ, ಹುಸೇನ್ ಸಾಗರದ ಬಾಜೂಕ ಕರೆಂಟ್ ಕಾರಿನ ರೇಸ್ ಅದ. ಫಾರ್ಮುಲಾ ಇ ಅಂತಾರ."

"ಯಾವ ಮೋಟರ್ ಹಾಕ್ಯಾರ ಅದಕ್ಕ?" ಅಪ್ಪನ ಮೊದಲ ಪ್ರಶ್ನೆಯೇ ಅದು.

ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಕೂತು ಹುಡುಕಿ ಓದಿದೆ. ಮರುದಿನ ಹೇಳಿದೆ: ಕಾರಿನ ಶಕ್ತಿ ಹೆಚ್ಚೆಂದರೆ 350 ಕಿಲೋವ್ಯಾಟ್, ನಿಮ್ಮ ಲೆಕ್ಕದಲ್ಲಿ ಸುಮಾರು 470 ಎಚ್‌ಪಿ. ಬ್ಯಾಟರಿಯಲ್ಲಿ ಬಳಸಲು ಸಿಗುವ ಕರೆಂಟು ಮಾತ್ರ ಹೆಚ್ಚೆಂದರೆ 38.5 ಯೂನಿಟ್. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಮ್ಮ ಮನೆಯ ಬಿಲ್ಲು ತಿಂಗಳಿಗೆ 100 ಯೂನಿಟ್ ಆಸುಪಾಸು ಬರುತ್ತದೆ. ಅಂದರೆ ನಾವು ಹನ್ನೆರಡು ದಿನ ಉರಿಸುವಷ್ಟು ಕರೆಂಟಿನಲ್ಲಿ ಆ ಕಾರು ಇಡೀ ರೇಸು ಓಡಬೇಕು. "470 ಎಚ್‌ಪಿ ಅಂತೀ, ಇಷ್ಟರಾಗ ಹ್ಯಾಂಗ ಮುಟ್ಟತದ?" ಎಂದರು. ಆಮೇಲೆ ಅವರೇ, "ಟಿಕೆಟ್ ತಗಿ" ಎಂದರು.

ಬಸ್ಸು ಜಹೀರಾಬಾದ್, ಸಂಗಾರೆಡ್ಡಿ ದಾಟಿ ಬಂದು ಅವರನ್ನು ಮಿಯಾಪುರದಲ್ಲೇ ಇಳಿಸಿತು. ಅಲ್ಲಿಂದ ಮೆಟ್ರೊ ಹಿಡಿದು ಖೈರತಾಬಾದಿಗೆ ಹೋದೆವು. ಅಮ್ಮ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದ್ದರು. ಒಳಗೆ ಬುತ್ತಿ ಬಿಡುತ್ತಾರೋ ಇಲ್ಲವೋ ಎಂದು ಸ್ಟೇಷನ್ನಿನ ಕೆಳಗೆ ಕಂಬದ ನೆರಳಿನಲ್ಲಿ ನಿಂತೇ ಉಂಡೆವು. ಆ ವಾರವಿಡೀ ಕೆರೆಯ ಸುತ್ತಿನ ರಸ್ತೆಗಳನ್ನು ಮುಚ್ಚಿದ್ದರಿಂದ ಊರಿನ ಟ್ರಾಫಿಕ್ಕೆಲ್ಲ ಗಂಟು ಬಿದ್ದಿತ್ತು. ಆಟೋದವರು ಸಿಟ್ಟಿನಲ್ಲಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ದಿನದ ದುಡಿಮೆ ಅರ್ಧವಾದರೆ ಯಾರಿಗೆ ಬೇಕು ರೇಸು? ನಮಗೂ ಸರಿಯಾದ ಗೇಟು ಸಿಗುವುದರೊಳಗೆ ಬಿಸಿಲಲ್ಲಿ ಮುಕ್ಕಾಲು ಗಂಟೆ ನಡೆದಾಗಿತ್ತು. ಅಪ್ಪನ ಮೊಣಕಾಲಿಗೆ ಅದು ಜಾಸ್ತಿಯೇ ಆಯಿತು.

ಅದು ದಿನವೂ ಬಸ್ಸು, ಆಟೋ ಓಡಾಡುವ ರಸ್ತೆ. ಎನ್‌ಟಿಆರ್ ಮಾರ್ಗ, ಲುಂಬಿನಿ ಪಾರ್ಕು, ನೆಕ್ಲೆಸ್ ರೋಡು. ಎರಡೂ ಬದಿಗೆ ಕಾಂಕ್ರೀಟು ಗೋಡೆ, ಅದರ ಮೇಲೆ ತಂತಿ ಬೇಲಿ ನಿಲ್ಲಿಸಿ 2.83 ಕಿಲೋಮೀಟರಿನ ಟ್ರ್ಯಾಕು ಮಾಡಿದ್ದರು. 18 ತಿರುವು. ನೀರಿನ ನಡುವೆ ಬುದ್ಧನ ಮೂರ್ತಿ. ಇನ್ನೊಂದು ಕಡೆ ಆಗಿನ್ನೂ ಉದ್ಘಾಟನೆಯಾಗಿರದ ಹೊಸ ಸಚಿವಾಲಯದ ಬಿಳಿ ಗುಮ್ಮಟಗಳು. ನಮ್ಮ ಸೀಟಿನಿಂದ ಒಂದು ನೇರ ದಾರಿಯ ತುದಿ, ಒಂದು ತಿರುವು ಮಾತ್ರ ಕಾಣುತ್ತಿತ್ತು. ಉಳಿದದ್ದಕ್ಕೆ ದೊಡ್ಡ ಪರದೆ.

ಮಧ್ಯಾಹ್ನ 3 ಗಂಟೆಗೆ ರೇಸು. 22 ಕಾರುಗಳು ಒಮ್ಮೆಲೇ ಹೊರಟಾಗ ಬಂದ ಸದ್ದನ್ನು ಹೇಗೆ ಹೇಳಲಿ? ಗುಡುಗಲ್ಲ, ಗರ್ಜನೆಯಲ್ಲ. ಕಬ್ಬಿಣ ಕೊಯ್ಯುವ ಮಷೀನು ದೂರದಲ್ಲಿ ಶುರುವಾಗಿ ಸರ್ರನೆ ಕಿವಿಯ ಪಕ್ಕಕ್ಕೇ ಬಂದು ಹೋದ ಹಾಗೆ. ಅದು ಹೋದ ಮೇಲೆ ಟೈರು ಉಜ್ಜುವ ಸದ್ದು, ಕಾರಿನ ತಳ ರಸ್ತೆಗೆ ತಾಗುವ ಸದ್ದು, ಹಿಂದಿನ ಸಾಲಿನ ಮಗು ಕೇಳಿದ ಪ್ರಶ್ನೆ, ಎಲ್ಲ ಬಿಡಿಬಿಡಿಯಾಗಿ ಕೇಳಿಸುತ್ತವೆ. ಪಕ್ಕದಲ್ಲಿದ್ದ ಕಾಲೇಜು ಹುಡುಗರಿಗೆ ಇದು ಸಪ್ಪೆ ಅನ್ನಿಸಿತು. "ಸೌಂಡೇ ಇಲ್ಲ" ಅಂದುಕೊಂಡರು.

ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು.

ಬಿಸಿಲಿಗೆ ಸುಸ್ತಾಯಿತೇನೋ ಎಂದು ಹೆದರಿ ಭುಜ ಮುಟ್ಟಿದೆ. ಬಲಗೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು. ಆ ಕೈಯ ಬೆರಳುಗಳ ಸಂದಿನಲ್ಲಿ ವಾರ್ನಿಷಿನ ಕಂದು ಬಣ್ಣ ಯಾವತ್ತೂ ಹೋಗುವುದಿಲ್ಲ. ಹೆಬ್ಬೆರಳಿನ ತುದಿಯಲ್ಲಿ ತಾಮ್ರದ ತಂತಿ ಕೊಯ್ದ ಸಣ್ಣ ಸಣ್ಣ ಗೆರೆಗಳು. ಅಂಗಡಿಯಲ್ಲಿ ವೈಂಡಿಂಗ್ ಮುಗಿಸಿದ ಮೋಟರನ್ನು ಮೊದಲ ಸಲ ಚಾಲೂ ಮಾಡುವಾಗಲೂ ಅವರು ಹೀಗೇ ಕಣ್ಣು ಮುಚ್ಚುತ್ತಾರೆ. ಮೋಟರಿನ ತಿರುಗದ ಹೊರಭಾಗವಾದ ಸ್ಟೇಟರಿನ ಮೇಲೆ ಕೈಯಿಟ್ಟು, ತಲೆ ಸ್ವಲ್ಪ ವಾಲಿಸಿ, ಬೇರಿಂಗ್ ಸರಿ ಇದೆಯೋ, ಒಂದು ಫೇಸು ಸೋತಿದೆಯೋ ಎಂದು ಕೇಳಿಸಿಕೊಳ್ಳುತ್ತಾರೆ. ಮೀಟರು ಆಮೇಲೆ.

ಏಳೆಂಟು ಸುತ್ತು ಆದ ಮೇಲೆ ಕಣ್ಣು ತೆರೆದು ಹೇಳಿದರು. "ಅವ್ವಾ, ತಿರುವು ಇನ್ನೂ ದೂರ ಇರ್ತಾನೇ ಮೋಟರ್ ಬಿಡ್ಲಾಕತ್ಯಾರ. ಬ್ರೇಕ್ ಹಿಡಿಯೂದಕ್ಕಿಂತ ಮೊದಲೇ. ಸದ್ದು ಬದಲಾಗ್ತದ ನೋಡು."

ನಾನು ಓದಿ ತಿಳಿದುಕೊಂಡಿದ್ದನ್ನು ಅವರು ಕಿವಿಯಿಂದ ಹಿಡಿದಿದ್ದರು. ಈ ರೇಸಿನ ಗುಟ್ಟೇ ಅದು. ಪೂರ್ತಿ ಒತ್ತಿ ಓಡಿಸಿದರೆ ಕರೆಂಟು ಕೊನೆ ಮುಟ್ಟುವುದಿಲ್ಲ. ಚಾಲಕ ತಿರುವಿಗೆ ಮೊದಲೇ ಕಾಲೆತ್ತಿ ಕಾರನ್ನು ತೇಲಲು ಬಿಡುತ್ತಾನೆ, ಆಮೇಲೆ ನಿಧಾನ ಮಾಡುವಾಗ ಅದೇ ಓಟದಿಂದ ಕರೆಂಟು ಹುಟ್ಟಿಸಿ ಬ್ಯಾಟರಿಗೆ ಕಳಿಸುತ್ತಾನೆ. ರೇಸಿನಲ್ಲಿ ಖರ್ಚಾಗುವ ಕರೆಂಟಿನಲ್ಲಿ ಸುಮಾರು 40 ಪರ್ಸೆಂಟು ಹೀಗೆ ಹುಟ್ಟಿದ್ದು. ಆ ವರ್ಷ ಹೊಸದಾಗಿ ಬಂದಿದ್ದ ಕಾರಿನಲ್ಲಿ ಮುಂದಿನ ಚಕ್ರಗಳಿಗೂ ಒಂದು ಮೋಟರಿತ್ತು. ಆದರೆ ಅದು ಗಾಡಿಯನ್ನು ಎಳೆಯುತ್ತಲೇ ಇರಲಿಲ್ಲ. ಕರೆಂಟು ಹುಟ್ಟಿಸುವುದಷ್ಟೇ ಅದರ ಕೆಲಸವಾಗಿತ್ತು. ಮುಂದೆ 250, ಹಿಂದೆ 350, ಒಟ್ಟು 600 ಕಿಲೋವ್ಯಾಟ್ ತನಕ ಆ ಕಾರು ವಾಪಸು ಎಳೆದುಕೊಳ್ಳಬಲ್ಲದಾಗಿತ್ತು. ಓಡುವ ಶಕ್ತಿಗಿಂತ ವಾಪಸು ತರುವ ಶಕ್ತಿಯೇ ಜಾಸ್ತಿ!

ಇದನ್ನು ಹೇಳಿದಾಗ ಅಪ್ಪ ತೊಡೆ ತಟ್ಟಿಕೊಂಡರು. "ಮೋಟರ್ ಅಂದ್ರ ಮತ್ತೇನು? ಕರೆಂಟ್ ಕೊಟ್ರ ತಿರುಗತದ. ತಿರುಗಿಸಿದ್ರ ಕರೆಂಟ್ ಕೊಡತದ. ನಿನಗ ಸಣ್ಣಾಕಿ ಇದ್ದಾಗೇ ತೋರ್ಸಿದ್ದೆ."

ಹೌದು, ತೋರಿಸಿದ್ದರು. ಹಾಳಾದ ಸೈಕಲ್ ಡೈನಮೊ ಬಿಚ್ಚಿ, ಒಳಗಿನ ಅಯಸ್ಕಾಂತ, ಸುರುಳಿ ತೋರಿಸಿ, ಕೈಯಿಂದ ತಿರುಗಿಸಿ ಸಣ್ಣ ಬಲ್ಬು ಉರಿಸಿದ್ದರು. ನಾನದನ್ನು ಮರೆತು ಎಷ್ಟೋ ವರ್ಷವಾಗಿತ್ತು. ನನ್ನ ಕಾಲೇಜಿನ ಫೀಸು ಕಟ್ಟಿದ್ದು ಅದೇ ಸುರುಳಿ. ಆದರೂ ಆಫೀಸಿನಲ್ಲಿ ಯಾರಾದರೂ ಅಪ್ಪ ಏನು ಮಾಡುತ್ತಾರೆ ಎಂದರೆ "ಎಲೆಕ್ಟ್ರಿಕಲ್ ಬಿಸಿನೆಸ್" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಆ ಸ್ಟ್ಯಾಂಡಿನಲ್ಲಿ ಕೂತಾಗ ಅದು ನೆನಪಾಗಿ ಗಂಟಲು ಕಟ್ಟಿತು.

ರೇಸು ಅಷ್ಟರಲ್ಲಿ ಕಾವೇರಿತ್ತು. ಮೊದಲ ಸ್ಥಾನದಿಂದ ಹೊರಟಿದ್ದ ಜಾಗ್ವಾರ್ ತಂಡದ ಮಿಚ್ ಇವಾನ್ಸ್‌ಗೆ ಅವರದೇ ತಂಡದ ಸ್ಯಾಮ್ ಬರ್ಡ್ ಇಕ್ಕಟ್ಟಿನ ತಿರುವಿನಲ್ಲಿ ಬಂದು ಗುದ್ದಿದರು. ಇಬ್ಬರ ಆಟವೂ ಅಲ್ಲಿಗೆ ಮುಗಿಯಿತು. ಪರದೆಯಲ್ಲಿ ನೋಡಿದ ಇಡೀ ಸ್ಟ್ಯಾಂಡು "ಅಯ್ಯೋ" ಎಂದಿತು, ಎಲ್ಲ ಭಾಷೆಯಲ್ಲೂ. ಜನರ ಕೂಗು ಜಾಸ್ತಿ ಇದ್ದದ್ದು ಮಹೀಂದ್ರಾ ಕಾರುಗಳಿಗೆ. ನಮ್ಮ ದೇಶದ ತಂಡ, 2014ರಲ್ಲಿ ಈ ರೇಸು ಶುರುವಾದಾಗಿನಿಂದ ಇದೆ. ಇದೇ ಮಹೀಂದ್ರಾದವರು 2010ರಲ್ಲಿ ಬೆಂಗಳೂರಿನ ರೇವಾ ಕಂಪನಿಯನ್ನು ಕೊಂಡರು ಎಂಬುದು ಎಷ್ಟು ಜನಕ್ಕೆ ನೆನಪಿದೆಯೋ. 2001ರಲ್ಲೇ ರಸ್ತೆಗಿಳಿದ ಆ ಪುಟ್ಟ ಕಾರು ಕೂಡ ಬ್ರೇಕ್ ಹಿಡಿದಾಗ ಕರೆಂಟು ವಾಪಸು ತರುತ್ತಿತ್ತು. ಆ ದಿನ ಕೊನೆಯ ಪಟ್ಟಿಯಲ್ಲಿ ಆರನೆಯವರಾದ ಮಹೀಂದ್ರಾದ ಆಲಿವರ್ ರೋಲೆಂಡ್ ಗೆರೆ ದಾಟಿದಾಗ ಗೆದ್ದಷ್ಟೇ ಚಪ್ಪಾಳೆ ಬಿತ್ತು.

ಕೊನೆಯ ಸುತ್ತುಗಳನ್ನು ನಾನು ಮರೆಯಲಾರೆ. ಮುಂದೆ ಫ್ರಾನ್ಸಿನ ಜೀನ್ ಎರಿಕ್ ವೆರ್ನ್, ಬೆನ್ನಿಗೇ ನ್ಯೂಜಿಲೆಂಡಿನ ನಿಕ್ ಕ್ಯಾಸಿಡಿ. ಹಿಂದಿನವರ ಬ್ಯಾಟರಿಯಲ್ಲಿ ಚಾರ್ಜು ಜಾಸ್ತಿ ಉಳಿದಿತ್ತು. ಪರದೆಯಲ್ಲಿ ಇಬ್ಬರ ಪರ್ಸೆಂಟೂ ಕಾಣುತ್ತಿತ್ತು. ಅಪ್ಪ ಈಗ ಕಣ್ಣು ಮುಚ್ಚಲಿಲ್ಲ. "ಅವನ ಹತ್ತಿರ ಕಮ್ಮಿ ಅದ. ಆದ್ರೂ ಬಿಡ್ಲಾಕತ್ತಿಲ್ಲ" ಎನ್ನುತ್ತ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡಿದ್ದರು. ತಿರುವು ತಿರುವಿಗೂ ಅಡ್ಡ ನಿಂತು, ಉಳಿಸಿ ಉಳಿಸಿ ಓಡಿಸಿ, 33ನೇ ಸುತ್ತಿನ ಕೊನೆಗೆ ಅರ್ಧ ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ವೆರ್ನ್ ಗೆದ್ದರು. ಮೂರನೆಯವರಾಗಿ ಗೆರೆ ದಾಟಿದ ಸೆಬಾಸ್ಟಿಯನ್ ಬುವೆಮಿಗೆ ನಿಯಮಕ್ಕಿಂತ ಜಾಸ್ತಿ ಪವರ್ ಎಳೆದರೆಂದು ದಂಡ ಬಿತ್ತು. ಆ ಸ್ಥಾನ ಪೋರ್ಚುಗಲ್ಲಿನ ಆಂಟೋನಿಯೊ ಫೆಲಿಕ್ಸ್ ದ ಕೋಸ್ಟಾಗೆ ಹೋಯಿತು. ರಾತ್ರಿ ರೂಮಿನಲ್ಲಿ ಇದನ್ನು ಓದಿ ಹೇಳಿದಾಗ, "ಮಂಜೂರಾದದ್ದು ಒಂದು, ಎಳೆದ ಲೋಡ್ ಒಂದು. ದಂಡ ಹಾಕೂದು ಬರೋಬರಿ" ಎಂದರು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿಸುವಾಗ, ಮುಂದಿನ ಸಲ ಅಂಗಡಿಯ ಹುಡುಗನನ್ನೂ ಕರೆತರುತ್ತೇನೆ ಎಂದಿದ್ದರು. ಮುಂದಿನ ಸಲ ಬರಲೇ ಇಲ್ಲ. 2024ರ ಫೆಬ್ರವರಿ 10ಕ್ಕೆ ಗೊತ್ತಾಗಿದ್ದ ಎರಡನೇ ರೇಸು ಜನವರಿಯಲ್ಲೇ ರದ್ದಾಯಿತು. ಸುದ್ದಿ ಹೇಳಲು ಫೋನು ಮಾಡಿದರೆ ಅಪ್ಪ ಎತ್ತಲಿಲ್ಲ. ಸಂಜೆ ಅವರೇ ವಿಡಿಯೊ ಕಾಲ್ ಮಾಡಿದರು.

ಬೆಂಚಿನ ಮೇಲೆ ಯಾರದೋ ಎಲೆಕ್ಟ್ರಿಕ್ ಸ್ಕೂಟರಿನ ಹಿಂಚಕ್ರವಿತ್ತು. ಮೋಟರು ಅದರ ಒಳಗೇ. ಮೂರು ತಂತಿ ಹೊರಗೆಳೆದು ಎರಡಕ್ಕೆ ಸಣ್ಣ ಎಲ್‌ಇಡಿ ಕಟ್ಟಿದ್ದರು. ಹುಡುಗ ಪಕ್ಕದಲ್ಲಿ ಕೂತಿದ್ದ. ರೇಸಿನ ಸುದ್ದಿ ನಾನಿನ್ನೂ ಹೇಳಿರಲಿಲ್ಲ.

"ಲೈಟ್ ಆರ್ಸೋ" ಎಂದರು ಅವನಿಗೆ. ಅಂಗಡಿ ಕತ್ತಲಾಯಿತು. ಚಕ್ರ ತಿರುಗಿಸಿದ ಸದ್ದು ಬಂತು, ಬೆಂಚಿನ ಮೇಲೆ ಎಲ್‌ಇಡಿ ಹೊತ್ತಿಕೊಂಡಿತು.