ಉಳಿದುಹೋದ ಪುಡಿಯ ಲೆಕ್ಕ

ಚಿಕ್ಕಮಗಳೂರಿನ ಬಿಬಿಎ ವಿದ್ಯಾರ್ಥಿಗಳನ್ನು ಸಂದರ್ಶನಕ್ಕೆ ಸಿದ್ಧಗೊಳಿಸುವಾಗ ನಾನು ಮೊದಲು ಅವರ ಬಯೋಡೇಟಾದಿಂದ ‘ನಾಯಕತ್ವದ ಗುಣವುಳ್ಳವನು’ ಎಂಬಂಥ ಸವಕಲು ಮಾತುಗಳನ್ನು ಹೊಡೆದುಹಾಕಿಸುತ್ತೇನೆ. ಕಳೆದ ವಾರ ಬಂದ ಹುಡುಗನೊಬ್ಬ, ಮನೆಯ ತೋಟದ ಕಾಫಿಯನ್ನು ಪುಡಿ ಮಾಡಿಸಿ ಮಾರಲು ಹೋಗಿ ಕೈಸುಟ್ಟುಕೊಂಡ ಸಂಗತಿಯನ್ನೇ ಮುಚ್ಚಿಟ್ಟಿದ್ದ. ಕೆದಕಿ ಕೇಳಿದ ಮೇಲೆ, 40 ಕೆ.ಜಿ. ಬೀಜವನ್ನು ಒಂದೇ ಸಲಕ್ಕೆ ಹುರಿಸಿ ಪುಡಿ ಮಾಡಿಸಿದ್ದರಿಂದ ಅರ್ಧ ಮಾರುವಷ್ಟರಲ್ಲಿ ಉಳಿದದ್ದರ ಘಮ ಹಾರಿಹೋಯಿತೆಂದೂ, ಚಿಕೋರಿ ಬೆರೆಸಿದ ಪುಡಿಯಲ್ಲಿ ಕನಿಷ್ಠ ಶೇ. 51ರಷ್ಟು ಕಾಫಿ ಇರಬೇಕೆಂಬ ನಿಯಮ ತಡವಾಗಿ ತಿಳಿಯಿತೆಂದೂ, ಅಂಗಡಿಗಳಿಗೆ ಉದ್ದರಿ ಕೊಟ್ಟ ಹಣ ವಾಪಸು ಬರಲಿಲ್ಲವೆಂದೂ ತಲೆತಗ್ಗಿಸಿ ಹೇಳಿದ. ದಾಸ್ತಾನು, ಕಾನೂನು, ವಸೂಲಿ ಮೂರನ್ನೂ ಸ್ವಂತ ಖರ್ಚಿನಲ್ಲಿ ಕಲಿತವನಿಗೆ ನಾಚಿಕೆಯೇಕೆ? ಅಂಗಡಿಯವರನ್ನು ದೂರದೆ, ತನ್ನ ತಪ್ಪನ್ನೂ ತಿದ್ದುಪಡಿಯನ್ನೂ ಅಂಕಿಗಳಲ್ಲಿ ಹೇಳೆಂದೆ. ‘ಆಮೇಲೆ ವಾರಕ್ಕೆ 5 ಕೆ.ಜಿ. ಮಾತ್ರ ಪುಡಿ ಮಾಡಿಸಿದೆ, ಸರ್’ ಎಂದ. ಆ ವಾಕ್ಯವನ್ನೇ ಬಯೋಡೇಟಾದ ಮೊದಲ ಸಾಲಾಗಿ ಬರೆಸಿದೆ.