ಟೈಲ್ಸ್ ಒಡೆಸುವ ಮುಂಚೆ ಸಂದು ನೋಡಿ

ಹದಿನೈದು-ಇಪ್ಪತ್ತು ವರ್ಷದ ಬಾತ್‌ರೂಮ್ ತೋರಿಸಿದರೆ ಮೇಸ್ತ್ರಿ ಹೇಳುವುದು ಹೆಚ್ಚಾಗಿ ಒಂದೇ ಮಾತು: "ಎಲ್ಲಾ ಕಿತ್ತಾಕ್ಬಿಟ್ಟು ಹೊಸದಾಗಿ ಮಾಡ್ಬಿಡೋಣ ಸಾರ್." ಕಿತ್ತರೆ ಟೈಲ್ಸ್ ಒಂದೇ ಬರುವುದಿಲ್ಲ. ಪ್ಲಾಸ್ಟರ್ ಬರುತ್ತದೆ, ನೆಲದ ವಾಟರ್‌ಪ್ರೂಫಿಂಗ್ ಹೋಗುತ್ತದೆ, ಸುತ್ತಿಗೆ ಪೆಟ್ಟಿಗೆ ಗೋಡೆಯೊಳಗಿನ ಹಳೆ ಪೈಪು ಅಲುಗಾಡುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಟೈಲ್ಸ್ ನಿಜವಾಗಿ ಸತ್ತಿರುವುದು ಅಪರೂಪ. ಕೆಟ್ಟಿರುವುದು ಟೈಲ್ಸ್ ನಡುವಿನ ಸಂದು, ಮತ್ತು ಮೇಲೆ ಕೂತ ಉಪ್ಪಿನ ಪದರ. ಈ ಎರಡನ್ನು ಸರಿಮಾಡಿದರೆ ಮುಕ್ಕಾಲು ಪಾಲು ಬಾತ್‌ರೂಮ್‌ಗಳು ಇನ್ನೊಂದು ಹತ್ತು ವರ್ಷ ಆರಾಮಾಗಿ ನಡೆಯುತ್ತವೆ.

ಆದರೆ ಮೊದಲು ಸೋರಿಕೆ ನೋಡಬೇಕು. ನೆಲದ ಜಾಲಿ ತೆಗೆದು ಟ್ರ್ಯಾಪ್‌ನ ಬಾಯಿಗೆ ಬಟ್ಟೆ ತುಂಬಿದ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ತುರುಕಿ, ಒಂದಿಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. 24 ಗಂಟೆ ಬಿಟ್ಟು ಕೆಳಗಿನ ಮನೆಯ ಸೀಲಿಂಗ್ ನೋಡಿ. ಸೀಲಿಂಗ್ ಒದ್ದೆಯಾದರೆ ತೊಂದರೆ ನೆಲದ್ದು. ನೆಲಕ್ಕೆ ಹನಿ ನೀರು ಬೀಳದ ದಿನವೂ ಒದ್ದೆ ಆರದೆ ಇದ್ದರೆ ಅನುಮಾನ ಪೈಪಿನ ಮೇಲೆ. ಆಗ ಎಲ್ಲ ನಲ್ಲಿ ಮುಚ್ಚಿ ಪ್ಲಂಬರ್ ಕೈಲಿ ಪ್ರೆಶರ್ ಟೆಸ್ಟ್ ಮಾಡಿಸಿ. ಗೋಡೆಯೊಳಗೆ ತುಕ್ಕು ಹಿಡಿದ ಜಿಐ ಪೈಪ್ ಇದ್ದು ಅದೇ ಸೋರುತ್ತಿದ್ದರೆ ಈ ಬರಹ ನಿಮಗಲ್ಲ, ಒಡೆಸಿಬಿಡಿ. ಹಾಗೇ ಒಂದು ನಾಣ್ಯ ಹಿಡಿದು ಪ್ರತಿ ಟೈಲನ್ನೂ ತಟ್ಟಿ ನೋಡಿ. ಟೊಳ್ಳು ಸದ್ದು ಅಲ್ಲೊಂದು ಇಲ್ಲೊಂದು ಬಂದರೆ ಅವನ್ನಷ್ಟೇ ಬಿಚ್ಚಿ ಮತ್ತೆ ಕೂರಿಸಬಹುದು. ಇಡೀ ಗೋಡೆಯೇ ಡಬ ಡಬ ಅಂದರೆ ಮೇಲೆ ಏನು ಬಳಿದರೂ ದಂಡ.

ಮುಂದಿನದು ಬಿಳಿ ಪದರ. ಅದು ನೀರಿನ ಸುಣ್ಣವೋ, ಟೈಲ್‌ನ ಗಾಜಿನಂಥ ಹೊಳಪು ಪದರ (ಗ್ಲೇಜ್) ಸವೆದಿದೆಯೋ ತಿಳಿಯಲು ಶೇವಿಂಗ್ ಬ್ಲೇಡನ್ನು ಮಲಗಿಸಿ ಹಿಡಿದು ಮೆಲ್ಲಗೆ ಕೆರೆಯಿರಿ. ಬಿಳಿ ಪುಡಿ ಉದುರಿ ಅಡಿಯಲ್ಲಿ ಹೊಳಪು ಕಂಡರೆ ಸುಣ್ಣ. ಪುಡಿಯೇ ಬರದೆ ಜಾಗ ಮಂಕಾಗಿಯೇ ಉಳಿದರೆ ಗ್ಲೇಜ್ ಹೋಗಿದೆ ಎಂದರ್ಥ.

ಸುಣ್ಣಕ್ಕೆ ಎಲ್ಲರ ಕೈಗೂ ಮೊದಲು ಸಿಗುವುದು ಬಾಟಲಿ ಆ್ಯಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಸಂದು ಹಾಳಾಗಿದ್ದು ಅದರಿಂದಲೇ. ನೀರಿನ ಸುಣ್ಣದಲ್ಲೂ ಸಿಮೆಂಟಿನಲ್ಲೂ ಇರುವುದು ಕ್ಯಾಲ್ಸಿಯಂ ಸಂಯುಕ್ತಗಳೇ ಆದ್ದರಿಂದ ಆ್ಯಸಿಡ್ ಎರಡನ್ನೂ ಬಿಡದೆ ತಿನ್ನುತ್ತದೆ. ಜೊತೆಗೆ ನಲ್ಲಿಯ ಕ್ರೋಮ್ ಕಪ್ಪಾಗುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ನೆಲಕ್ಕೆ ಆ್ಯಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಬದಲಿಗೆ ಸಿಟ್ರಿಕ್ ಆಮ್ಲದ ಪುಡಿ, ದಿನಸಿ ಅಂಗಡಿಯ ನಿಂಬೆ ಉಪ್ಪು, ಲೀಟರ್ ಬಿಸಿನೀರಿಗೆ 100 ಗ್ರಾಂ ಕರಗಿಸಿ. ಗೋಡೆಯ ಮೇಲೆ ದ್ರವ ನಿಲ್ಲುವುದಿಲ್ಲವಾದ್ದರಿಂದ ಟಿಶ್ಯೂ ಪೇಪರ್ ಅದ್ದಿ ಅಂಟಿಸಿ, ಅರ್ಧ ಗಂಟೆ ಬಿಟ್ಟು ನೈಲಾನ್ ಬ್ರಷ್‌ನಲ್ಲಿ ಉಜ್ಜಿ. ದಪ್ಪ ಪದರಕ್ಕೆ ಎರಡು-ಮೂರು ಸಲ ಬೇಕಾಗುತ್ತದೆ. ಬಚ್ಚಲಿಗೆ ಕಡಪ ಕಲ್ಲು ಹಾಕಿದ್ದರೆ ನಿಂಬೆ ಉಪ್ಪೂ ಬೇಡ: ಅದು ಸುಣ್ಣದ ಕಲ್ಲು, ಹುಳಿ ಬಿದ್ದಲ್ಲೆಲ್ಲ ಮಂಕಾಗುತ್ತದೆ.

ಈಗ ಸಂದು. ಹಳೆ ಮನೆಗಳಲ್ಲಿ ಟೈಲ್ಸ್ ಒಂದಕ್ಕೊಂದು ಒತ್ತಿ ಕೂರಿಸಿ, ಪೇಪರ್ ಜಾಯಿಂಟ್ ಎನ್ನುವ ಕೂದಲೆಳೆ ಸಂದಿಗೆ ಬಿಳಿ ಸಿಮೆಂಟ್ ಒರೆಸಿರುತ್ತಾರೆ. ಈಗ ಸಂದು ತುಂಬಲು ಬಳಸುವುದು ನೀರು ಹೀರದ ಎಪಾಕ್ಸಿ ಗ್ರೌಟ್. ಹಳೆಯದರ ಮೇಲೆಯೇ ಎಪಾಕ್ಸಿ ಒರೆಸಿದರೆ ಒಳಗೆ ಇಳಿಯುವುದಿಲ್ಲ, ಆರೇ ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಸಂದು ಕನಿಷ್ಠ 2 ಮಿ.ಮೀ. ಅಗಲ, 3ರಿಂದ 4 ಮಿ.ಮೀ. ಆಳ ಇರಬೇಕು. ಕಾರ್ಬೈಡ್ ಬ್ಲೇಡ್ ಹಾಕಿದ ಆಸಿಲೇಟಿಂಗ್ ಮಲ್ಟಿಟೂಲ್ (ಬ್ಲೇಡನ್ನು ಅತ್ತಿತ್ತ ವೇಗವಾಗಿ ಅಲುಗಿಸುವ ಕೈಯಂತ್ರ) ಇದಕ್ಕೆ ಸರಿ. ಗ್ರೈಂಡರ್‌ನಲ್ಲಿ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಕೈ ಒಂದು ಚೂರು ವಾಲಿದರೂ ಟೈಲ್ ಅಂಚಿನ ಗ್ಲೇಜ್ ಹಾರುತ್ತದೆ, ಆ ಹಲ್ಲು ಹಲ್ಲು ಗೆರೆ ಮತ್ತೆ ಮುಚ್ಚುವುದಿಲ್ಲ. ಕೊರೆದ ಮೇಲೆ ಬ್ರಷ್, ವ್ಯಾಕ್ಯೂಮ್, ಒದ್ದೆ ಬಟ್ಟೆ. ಆಮೇಲೆ ಫ್ಯಾನ್ ಹಚ್ಚಿ ಎರಡು ದಿನ ಬಾತ್‌ರೂಮ್ ಬಳಸದೆ ಒಣಗಲು ಬಿಡಿ. ಸಂದಿಯಲ್ಲಿ ತೇವ ಉಳಿದರೆ ಎಪಾಕ್ಸಿ ಅಂಟದೆ ಮುಂದೊಂದು ದಿನ ದಾರದಂತೆ ಇಡಿಯಾಗಿ ಎದ್ದು ಬರುತ್ತದೆ. ಕೆಲಸದವರು ತಪ್ಪಿಸುವುದು ಈ ಎರಡು ದಿನವನ್ನೇ.

ಎಷ್ಟು ಮಾಲು ಬೇಕು? 5×8 ಅಡಿಯ ಬಾತ್‌ರೂಮ್, 7 ಅಡಿ ಎತ್ತರದವರೆಗೆ 200×300 ಮಿ.ಮೀ. ಟೈಲ್ಸ್ ಎನ್ನೋಣ. ಬಾಗಿಲು, ವೆಂಟಿಲೇಟರ್ ಕಳೆದರೆ ಗೋಡೆ ಸುಮಾರು 15 ಚದರ ಮೀಟರ್. ಚದರ ಮೀಟರಿಗೆ 8.3 ಮೀಟರ್ ಸಂದು. ಕೊರೆದಾಗ ಅಗಲ 3, ಆಳ 4 ಮಿ.ಮೀ. ಆಯಿತೆಂದರೆ ಚದರ ಮೀಟರಿಗೆ 160 ಗ್ರಾಂ, ಗೋಡೆಗೆ ಒಟ್ಟು 2.4 ಕೆ.ಜಿ. ನೆಲದ್ದು ಅರ್ಧ ಕೆ.ಜಿ. ವ್ಯರ್ಥವಾಗುವುದನ್ನೂ ಸೇರಿಸಿ ಮೂರೂವರೆ. ಒಂದೊಂದು ಕೆ.ಜಿ.ಯ ನಾಲ್ಕು ಪ್ಯಾಕ್ ತನ್ನಿ, ಐದು ಕೆ.ಜಿ. ಡಬ್ಬ ಬೇಡ. ಕಲಸಿದ ಮೇಲೆ ಕೈಯಲ್ಲಿರುವುದು ಮುಕ್ಕಾಲು ಗಂಟೆ, ಏಪ್ರಿಲ್ ಬಿಸಿಲಲ್ಲಿ ಇನ್ನೂ ಕಡಿಮೆ.

ಪ್ಯಾಕಿನಲ್ಲಿ ಮೂರು ಭಾಗ: ರೆಸಿನ್, ಹಾರ್ಡನರ್, ಪುಡಿ. ಮೊದಲಿನ ಎರಡನ್ನು ಬಣ್ಣ ಒಂದೇ ಸಮ ಆಗುವವರೆಗೆ ಕಲಸಿ, ಆಮೇಲೆ ಪುಡಿ ಹಾಕಿ. ಅರ್ಧ ಪ್ಯಾಕ್ ಸಾಕೆನಿಸಿದರೆ ಮೂರನ್ನೂ ತಕ್ಕಡಿಯಲ್ಲಿ ತೂಗಿ ಅರ್ಧ ಮಾಡಿ, ಕಣ್ಣಂದಾಜು ಬೇಡ. ಗಟ್ಟಿ ಎನಿಸಿತೆಂದು ನೀರನ್ನೋ ಥಿನ್ನರನ್ನೋ ಹನಿಸಿದರೆ ಆ ಭಾಗ ಬಿಳಿಚಿಕೊಂಡು ಮೆತ್ತಗೇ ಉಳಿಯುತ್ತದೆ. ಹಿಡಿ ಇರುವ ಚಪ್ಪಟೆ ಗಟ್ಟಿ ರಬ್ಬರ್ ಫ್ಲೋಟ್‌ನಲ್ಲಿ ಒತ್ತಿ ತುಂಬಿ, ಹೆಚ್ಚಿನದನ್ನು ಸಂದಿಗೆ ಓರೆಯಾಗಿ ಎಳೆದು ತೆಗೆಯಿರಿ. ನೇರ ಎಳೆದರೆ ಫ್ಲೋಟ್‌ನ ಅಂಚು ಸಂದಿಗೆ ಇಳಿದು ತುಂಬಿದ್ದನ್ನೇ ಬಾಚುತ್ತದೆ. ಒಂದೆರಡು ಚದರ ಮೀಟರ್ ಆಗುತ್ತಿದ್ದಂತೆ ನಿಲ್ಲಿಸಿ, ಒದ್ದೆ ಬಿಳಿ ಸ್ಕ್ರಬ್ ಪ್ಯಾಡ್‌ನಲ್ಲಿ ಹಗುರಾಗಿ ಉಜ್ಜಿ, ಸ್ಪಂಜಿನಲ್ಲಿ ಒರೆಸಿ. ಟೈಲ್ ಮೇಲೆ ತೆಳು ಪೊರೆ ಉಳಿದರೆ ಅದೇ ದಿನ ತೆಗೆಯಬೇಕು, ಗಟ್ಟಿಯಾದ ಮೇಲೆ ಪಡಬಾರದ ಪಾಡು. ನೆಲದ ಒರಟು ಟೈಲ್ಸ್ ರೆಸಿನ್ ಹೀರಿ ಕಲೆಯಾಗುತ್ತವೆ, ಅಲ್ಲಿ ಸಂದಿನ ಎರಡೂ ಬದಿ ಮಾಸ್ಕಿಂಗ್ ಟೇಪ್ ಅಂಟಿಸಿ. ಒಂದು ದಿನ ಕಾಲಿಡಬೇಡಿ, ಮೂರು ದಿನ ನೀರು ಸೋಕಿಸಬೇಡಿ.

ಗೋಡೆಗೆ ಗೋಡೆ ಕೂಡುವ ಮೂಲೆ, ಗೋಡೆ ನೆಲ ಕೂಡುವ ಗೆರೆ, ಕಮೋಡಿನ ಬುಡ, ಇಲ್ಲೆಲ್ಲ ಎಪಾಕ್ಸಿ ಹಾಕಬಾರದು. ಕಟ್ಟಡ ಅಲುಗುವುದು ಅಲ್ಲೇ, ಗಟ್ಟಿ ವಸ್ತು ಬಿರುಕು ಬಿಡುತ್ತದೆ. ಬೂಷ್ಟು ಹಿಡಿಯದ ನ್ಯೂಟ್ರಲ್ ಸ್ಯಾನಿಟರಿ ಸಿಲಿಕೋನ್ ತನ್ನಿ. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ.

ಗ್ಲೇಜೇ ಹೋಗಿದ್ದರೆ ಮಾತ್ರ ಕೋಟಿಂಗ್, ಅಂದರೆ ಟೈಲ್ಸ್ ಮೇಲೆ ಬಳಿಯುವ ಎಪಾಕ್ಸಿ ಬಣ್ಣ, ಯೋಚಿಸಿ. ಜಾಹೀರಾತಿನಲ್ಲಿ ಇದೇ ಮೊದಲು ಕಾಣುತ್ತದೆ, ಬಾಳಿಕೆಯಲ್ಲಿ ಇದೇ ಕೊನೆ. ಸಂದು, ಮೂಲೆಗಳ ಹಳೆ ಸಿಲಿಕೋನ್ ಚೂರೂ ಉಳಿಯಬಾರದು, ಅದರ ಜಿಡ್ಡಿನ ಮೇಲೆ ಬಣ್ಣ ಮೀನಿನ ಕಣ್ಣಿನಂತೆ ಗುಳಿ ಬೀಳುತ್ತದೆ. ಹೊಸ ಸಿಲಿಕೋನ್ ಹಾಕುವುದು ಬಣ್ಣ ಎಲ್ಲ ಬಳಿದಾದ ಮೇಲೆ. 120 ನಂಬರಿನ ಸಿಲಿಕಾನ್ ಕಾರ್ಬೈಡ್ ಕಾಗದದಲ್ಲಿ ಹೊಳಪು ಪೂರ್ತಿ ಸಾಯುವವರೆಗೆ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಪ್ರೈಮರ್ ಹೊಡೆದು, ಎರಡು ತೆಳು ಕೋಟ್ ಕೊಡಿ. ಮೇಲೆ ಹೇಳಿದ ಗೋಡೆಗೆ ಎರಡೂ ಕೋಟ್ ಸೇರಿ ಮೂರೂವರೆಯಿಂದ ನಾಲ್ಕು ಲೀಟರ್ ಬೇಕು. ಬಿಸಿಲು ಬೀಳುವ ಗೋಡೆಗೆ ಎಪಾಕ್ಸಿ ಹಳದಿ ತಿರುಗುತ್ತದೆ, ಮೇಲಿನ ಕೋಟ್ ಬಿಸಿಲು ತಡೆಯುವ ಅಲಿಫ್ಯಾಟಿಕ್ ಪಾಲಿಯುರೆಥೇನ್ ಬಣ್ಣ ಇರಲಿ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈಹಾಕಲೇಬೇಡಿ. ಗೋಡೆಯ ಹಿಂದಿನ ತೇವ ಬಣ್ಣವನ್ನು ಗುಳ್ಳೆಯಾಗಿ ನೂಕುತ್ತದೆ. ನೆಲಕ್ಕೆ ಯಾವ ಕಾಲದಲ್ಲೂ ಬೇಡ. ಬಕೆಟ್ ಎಳೆದಾಡುವ, ಬಟ್ಟೆ ಒಗೆಯುವ ನೆಲದ ಮೇಲೆ ಯಾವ ಬಣ್ಣವೂ ನಿಲ್ಲದು, ಒದ್ದೆಯಾದರೆ ಜಾರುತ್ತದೆ ಕೂಡ. ಕಮೋಡಿನ ಒಳಗೂ ಬೇಡ, ಅಲ್ಲಿಯ ಕಲೆಗೆ ಒದ್ದೆ ಮಾಡಿದ ಪ್ಯೂಮಿಸ್ ಕಲ್ಲು ಸಾಕು.

ಹಿಂದೊಮ್ಮೆ ಬಳಿದ ಬಣ್ಣ ಸುಲಿಯುತ್ತಿದ್ದರೆ ಅದನ್ನು ಕೆರೆದೇ ತೆಗೆಯಿರಿ. ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್‌ನಲ್ಲಿ ಮೆಥಿಲೀನ್ ಕ್ಲೋರೈಡ್ ಎಂಬ ವಿಷಕಾರಿ ದ್ರಾವಕ ಇರಬಹುದು, ಡಬ್ಬದ ಮೇಲೆ ಓದಿ ನೋಡಿ. ಅದರ ಆವಿ ಗಾಳಿಗಿಂತ ಭಾರ, ಚಿಕ್ಕ ಕೋಣೆಯಲ್ಲಿ ಬಗ್ಗಿ ಕೆಲಸ ಮಾಡುವವರ ಮುಖದ ಮಟ್ಟದಲ್ಲೇ ತುಂಬಿ ನಿಲ್ಲುತ್ತದೆ. ಅಮೆರಿಕದಲ್ಲಿ ಬಾತ್‌ಟಬ್‌ಗಳಿಗೆ ಹೊಸ ಲೇಪ ಕೊಡುವ ಕೆಲಸದವರಲ್ಲಿ 2000ದಿಂದ 2011ರ ನಡುವೆ 13 ಜನ ಇದರಿಂದ ಸತ್ತರೆಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2012ರಲ್ಲಿ ವರದಿ ಮಾಡಿತು. ಬಟ್ಟೆಯ ಮಾಸ್ಕ್ ಇದನ್ನು ತಡೆಯುವುದಿಲ್ಲ.